ಗಿಡ ಕಡಿಸಿದ ಹೊಲದಲ್ಲಿ ಉಳಿದ ಟೊಂಗೆ-ತಪ್ಪಲು: ರಾಶಿ ಹಾಕುವ ಮುಂಚೆ ಓದಿ

ಯುಗಾದಿ ಹತ್ತಿರ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಫೋಟೋ ಬರುತ್ತವೆ. ನೀಲಗಿರಿಯೋ ಸುಬಾಬುಲೋ ಕಡಿಸಿದ ಹೊಲ. ದಿಮ್ಮಿ ಹೋಗಿದೆ, ಲಾರಿಯವನೂ ಹೋಗಿದ್ದಾನೆ. ಹೊಲದ ತುಂಬ ಸೊಂಟದ ಎತ್ತರ ಟೊಂಗೆ. ಕೆಳಗೆ ಪ್ರಶ್ನೆ: "ಇದನ್ನೇನು ಮಾಡೋದ್ರಿ?"

ಉತ್ತರ ಕೊಡುವಷ್ಟರಲ್ಲಿ ಹೆಚ್ಚಿನವರು ಎಲ್ಲವನ್ನೂ ಎಳೆದು ಒಂದೇ ದೊಡ್ಡ ರಾಶಿ ಮಾಡಿರುತ್ತಾರೆ. ಮುಕ್ಕಾಲು ಪಾಲು ತೊಂದರೆ ಅಲ್ಲೇ ಶುರುವಾಗುತ್ತದೆ. ರಾಶಿಯೊಳಗೆ ಮಾರುವ ಕಟ್ಟಿಗೆ, ಮುಳ್ಳು, ಬೀಜದ ಕಾಯಿ, ಒಳ್ಳೆಯ ಗೊಬ್ಬರವಾಗುವ ತಪ್ಪಲು (ಎಲೆ-ಸೊಪ್ಪು) ಎಲ್ಲ ಕಲಸಿ ಹೋಗುತ್ತದೆ. ಮತ್ತೆ ಬಿಡಿಸಲು ಹೋದರೆ ಕೂಲಿ ದುಪ್ಪಟ್ಟು. ಕೊನೆಗೆ ಬೇಸತ್ತು ಬೆಂಕಿ ಇಡುತ್ತಾರೆ.

ನಾನೂ ಮೊದಲ ಸಲ ಹಾಗೇ ಮಾಡಿದವನು. ಎರಡು ಎಕರೆ ನೀಲಗಿರಿ, ಹುಮನಾಬಾದ್ ಕಡೆಯ ಕೆಂಪು ನೆಲ. ಬೊಡ್ಡೆಗಳ (ಕಡಿದ ಮೇಲೆ ನೆಲದಲ್ಲಿ ಉಳಿಯುವ ಬುಡ) ಮೇಲೆಯೇ ರಾಶಿ ಹಾಕಿಸಿ ಏಪ್ರಿಲ್‌ನಲ್ಲಿ ಸುಟ್ಟೆ. ಸುಟ್ಟ ಜಾಗದ ಬೊಡ್ಡೆಗಳು ಮತ್ತೆ ಚಿಗುರಲೇ ಇಲ್ಲ. ಬದುವಿನ ಮೇಲಿದ್ದ ಹಳೆಯ ಬೇವಿನ ಒಂದು ಮಗ್ಗುಲು ಬೆಂದು ಹೋಯಿತು. ಆ ಬೇವು ಇನ್ನೂ ಹಾಗೇ ಒಂದು ಕಡೆ ವಾಲಿಕೊಂಡು ನಿಂತಿದೆ.

ಹಾಗಾಗಿ ಕ್ರಮ ಇದು: ಮೊದಲು ಮಾತು, ಆಮೇಲೆ ಹಸಿಯಾಗಿದ್ದಾಗಲೇ ವಿಂಗಡಣೆ, ಆಮೇಲೆ ಬೊಡ್ಡೆ ತೆರವು, ಆಮೇಲೆ ಬಳಕೆ. ಬೆಂಕಿ ಎಲ್ಲದಕ್ಕೂ ಕೊನೆಗೆ, ಅದೂ ಬೇಕಾದರೆ ಮಾತ್ರ.

1. ಕೊಡಲಿ ಬೀಳುವ ಮುಂಚೆ: ವ್ಯಾಪಾರಿಯ ಜೊತೆ ಮಾತು

ಗಿಡ ಕೊಳ್ಳುವವನಿಗೆ ಬೇಕಾಗಿರುವುದು ದಿಮ್ಮಿ. ತುದಿಯ ಟೊಂಗೆ ಅವನಿಗೆ ಕಸ. ಇಡೀ ಹೊಲಕ್ಕೆ ಒಂದು ದರ ಮಾತಾಡಿ ಸುಮ್ಮನಾದರೆ ಆ ಕಸ ನಿಮ್ಮ ಪಾಲಿಗೆ ಬರುತ್ತದೆ. ಮೂರು ವಿಷಯ ಮೊದಲೇ ಇತ್ಯರ್ಥವಾಗಲಿ, ಸಾಧ್ಯವಾದರೆ ಚೀಟಿಯಲ್ಲಿ ಬರೆದುಕೊಳ್ಳಿ.

ಒಂದು, ಎಷ್ಟು ದಪ್ಪದವರೆಗೆ ಅವನು ಒಯ್ಯುತ್ತಾನೆ? "ಸಣ್ಣದೆಲ್ಲ ನಿಮಗೇ ಇರಲಿ" ಅಂದರೆ ಸಾಲದು. ಮಣಿಕಟ್ಟಿನ ದಪ್ಪವೋ, ತೋಳಿನ ದಪ್ಪವೋ, ಒಂದು ಟೊಂಗೆ ಹಿಡಿದು ತೋರಿಸಿ ಮಾತಾಡಿ. ಎರಡು, ಟೊಂಗೆ ಸವರುವವರು ಯಾರು? ಅವನ ಆಳುಗಳೇ ಸವರಿ, ಸಾಲುಗಳ ನಡುವೆ ಬುಡ ಒಂದೇ ಕಡೆಗೆ ಬರುವಂತೆ ಇಟ್ಟು ಹೋಗಬೇಕು. ಈ ಒಂದು ಮಾತಿನಿಂದ ನಿಮಗೆ ಎರಡು-ಮೂರು ದಿನದ ಕೂಲಿ ಉಳಿಯುತ್ತದೆ. ಮೂರು, ಕೊನೆಯ ಲಾರಿ ಹೊರಡುವ ಮುಂಚೆ ನೀವು ಹೊಲ ಸುತ್ತಿ ನೋಡಬೇಕು. ಲಾರಿ ಹೋದ ಮೇಲೆ ಯಾರೂ ತಿರುಗಿ ಬರುವುದಿಲ್ಲ.

ಅನುಮತಿಯ ಮಾತೂ ಇಲ್ಲೇ ಮುಗಿಯಲಿ. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯಲ್ಲಿ ನೀಲಗಿರಿ, ಸುಬಾಬುಲ್, ಬಳ್ಳಾರಿ ಜಾಲಿ, ಗ್ಲಿರಿಸಿಡಿಯಾದಂಥವನ್ನು ಕಡಿಯಲು ವಿನಾಯಿತಿ ಇದೆ. ಸಾಗುವಾನಿ, ಶ್ರೀಗಂಧದ ವಿಷಯ ಬೇರೆ. ಹೊಲದಲ್ಲಿ ಬೇರೆ ಜಾತಿಯ ಒಂದೆರಡು ಗಿಡ ಇದ್ದರೂ ವಲಯ ಅರಣ್ಯ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ. ಶ್ರೀಗಂಧದ ಗಿಡವಿದ್ದರೆ ಅದರ ಸಣ್ಣ ಕಡ್ಡಿಯನ್ನೂ ಈ ರಾಶಿಗೆ ಬೆರೆಸಬೇಡಿ.

2. ಸಲಕರಣೆ

ದೊಡ್ಡ ಯಂತ್ರ ಬೇಕಾಗಿಲ್ಲ. ಇಷ್ಟಿದ್ದರೆ ಸಾಕು:

- ಹಗುರ ಕೊಡಲಿ, ಮಚ್ಚು, ಕುಡುಗೋಲು. ಜೊತೆಗೆ ಸಾಣೆ ಹಿಡಿಯಲು ಅರ. ಮೊಂಡು ಮಚ್ಚು ಟೊಂಗೆಯ ಮೇಲೆ ಜಾರಿ ಮೊಣಕಾಲಿಗೆ ಬರುತ್ತದೆ.
- ಬಿಲ್ಲಿನ ಗರಗಸ ಅಥವಾ ಚೈನ್ ಸಾ. ಚೈನ್ ಸಾ ಇದ್ದರೆ ಅದನ್ನು ನಡೆಸಿ ಗೊತ್ತಿರುವವರೇ ಹಿಡಿಯಲಿ.
- ಉದ್ದ ಹಿಡಿಕೆಯ ಕವೆಗೋಲು. ಮುಳ್ಳನ್ನು ಕೈಯಿಂದ ಎಳೆಯಲು ಹೋಗಬೇಡಿ.
- ಚರ್ಮದ ಕೈಗವಸು, ಗಮ್‌ಬೂಟು, ಕಣ್ಣಿಗೆ ಕನ್ನಡಕ.
- ಹಗ್ಗ, ಹಳೆಯ ತಾಡಪತ್ರಿ, ಬೈಂಡಿಂಗ್ ತಂತಿ.

ಕೈಗವಸು ಕೊಟ್ಟರೆ ಆಳುಗಳು ಹಾಕಿಕೊಳ್ಳುವುದಿಲ್ಲ ಅನ್ನುವವರಿದ್ದಾರೆ. ಬಳ್ಳಾರಿ ಜಾಲಿಯ ಮುಳ್ಳು ಒಮ್ಮೆ ಗೆಣ್ಣಿನ ಹತ್ತಿರ ಮುರಿದು ಒಳಗೆ ಉಳಿದರೆ ಆ ಬೆರಳು ವಾರಗಟ್ಟಲೆ ಬಾತುಕೊಳ್ಳುತ್ತದೆ. ಅದನ್ನು ಒಬ್ಬರ ಕೈಯಲ್ಲಿ ಕಂಡವರು ಕೇಳದೆಯೇ ಹಾಕಿಕೊಳ್ಳುತ್ತಾರೆ.

ಟೊಂಗೆ ಪುಡಿ ಮಾಡುವ ಯಂತ್ರ ಬೇಕಿದ್ದರೆ ನಿಮ್ಮ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಕೇಳಿ. ಟ್ರ್ಯಾಕ್ಟರ್‌ಗೆ ಜೋಡಿಸುವ ಯಂತ್ರ ಬಾಡಿಗೆಗೆ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಚಿಂತೆಯಿಲ್ಲ, ಮಚ್ಚಿನ ಕೆಲಸವೂ ಆಗುತ್ತದೆ. ತೆನೆ ರಾಶಿ ಮಾಡುವ ಯಂತ್ರಕ್ಕೆ ಮಾತ್ರ ಟೊಂಗೆ ತುರುಕಬೇಡಿ. ಯಂತ್ರವೂ ಹಾಳು, ಕೈಯೂ ಹಾಳು.

3. ಬಿದ್ದ ದಿನವೇ ಸವರಿ

ಹಸಿ ಟೊಂಗೆ ಒಂದೇ ಏಟಿಗೆ ತುಂಡಾಗುತ್ತದೆ. ಹದಿನೈದು ದಿನ ಬಿಸಿಲು ತಿಂದ ಜಾಲಿ ಕಬ್ಬಿಣದ ಹಾಗೆ. ನಮ್ಮ ಕಡೆ ಮೇ ತಿಂಗಳಲ್ಲಿ ಬಿಸಿಲು 42-43 ಡಿಗ್ರಿಗೆ ಹೋಗುತ್ತದೆ. ಅಷ್ಟರಲ್ಲಿ ಟೊಂಗೆ ಒಣಗಿ ಗಟ್ಟಿಯಾಗಿರುತ್ತದೆ, ತಪ್ಪಲು ಉದುರಿ ಬೆಂಕಿಗೆ ಸಿದ್ಧವಾಗಿರುತ್ತದೆ. ಇನ್ನೊಂದು ಕಡೆ ಮೃಗಶಿರ ಮಳೆ ಬಂದರೆ ಎರೆ (ಕಪ್ಪು ಮಣ್ಣಿನ) ಹೊಲಕ್ಕೆ ಟ್ರ್ಯಾಕ್ಟರ್ ಇಳಿಯುವುದಿಲ್ಲ. ನಿಮ್ಮ ಕೈಲಿರುವ ಸಮಯ ಈ ಎರಡಕ್ಕೂ ಮುಂಚಿನದು.

ಸವರುವಾಗ ಬುಡದಿಂದ ತುದಿಯ ಕಡೆಗೆ ಹೋಗಿ. ದಿಮ್ಮಿಯ ಒಂದು ಮಗ್ಗುಲಿಗೆ ನೀವು, ಇನ್ನೊಂದು ಮಗ್ಗುಲಿಗೆ ಕಡಿಯುವ ಟೊಂಗೆ. ಇಳಿಜಾರಾದರೆ ಮೇಲಿನ ಕಡೆಗೇ ನಿಲ್ಲಿ, ದಿಮ್ಮಿ ಉರುಳಿದರೂ ನಿಮ್ಮ ಮೇಲೆ ಬರುವುದಿಲ್ಲ.

ಎರಡು ಅಪಾಯಗಳನ್ನು ಮೊದಲೇ ಗುರುತಿಸಿ. ಒಂದು, ಬಿಲ್ಲಿನಂತೆ ಬಾಗಿ ಸಿಕ್ಕಿಕೊಂಡ ಟೊಂಗೆ. ದಿಮ್ಮಿಯ ಭಾರಕ್ಕೆ ಅದು ಬಿಗಿಯಾಗಿ ಬಾಗಿರುತ್ತದೆ. ಒಂದೇ ಏಟಿಗೆ ತುಂಡರಿಸಿದರೆ ಸಿಡಿದು ಮುಖಕ್ಕೆ ಹೊಡೆಯುತ್ತದೆ. ಬಾಗಿದ ಒಳಮಗ್ಗುಲಲ್ಲಿ ಸ್ವಲ್ಪ ಸ್ವಲ್ಪವೇ ಕೆತ್ತುತ್ತ ಬಿಗಿ ಸಡಿಲಿಸಿ, ಪಕ್ಕಕ್ಕೆ ನಿಂತು ಕಡಿಯಿರಿ. ಇನ್ನೊಂದು, ಪಕ್ಕದ ಗಿಡದ ಮೇಲೆ ತೂಗಾಡುವ ಮುರಿದ ತುದಿ. ಅದರ ಕೆಳಗೆ ಬುತ್ತಿ ಬಿಚ್ಚಿ ಕೂರುವವರನ್ನು ನಾನು ನೋಡಿದ್ದೇನೆ! ಹಗ್ಗ ಹಾಕಿ ದೂರದಿಂದ ಎಳೆದು ಕೆಡವಿ. ಆಮೇಲೆ ಉಳಿದ ಕೆಲಸ.

ಬದುವಿನ ಮೇಲೆ ವಿದ್ಯುತ್ ತಂತಿ ಹಾದಿದ್ದರೆ ಅಲ್ಲಿ ಕೊಡಲಿ ಎತ್ತುವ ಮುಂಚೆ ಜೆಸ್ಕಾಂ ಲೈನ್‌ಮ್ಯಾನ್‌ಗೆ ತಿಳಿಸಿ. ತಂತಿಯ ಕೆಳಗೆ ರಾಶಿಯೂ ಬೇಡ.

4. ವಿಂಗಡಣೆ: ಇಡೀ ಕೆಲಸದ ಜೀವ ಇಲ್ಲಿದೆ

ನೆಲದಿಂದ ಎತ್ತುವಾಗಲೇ ನಾಲ್ಕು ಗುಂಪು ಮಾಡಿ. ಅಳತೆಗೆ ಟೇಪು ಬೇಡ, ಕೈ ಸಾಕು.

ಮೊದಲನೆಯದು, ಮಣಿಕಟ್ಟಿಗಿಂತ ದಪ್ಪ. ಇದು ಉರುವಲು. ಇಟ್ಟಿಗೆ ಭಟ್ಟಿಗೆ, ಹೋಟೆಲಿಗೆ, ಮನೆಯ ಒಲೆಗೆ ಹೋಗುತ್ತದೆ. ಎರಡನೆಯದು, ಹೆಬ್ಬೆರಳಿನಿಂದ ಮಣಿಕಟ್ಟಿನವರೆಗೆ. ನೇರವಾದವು ಗೂಟಕ್ಕೆ, ಬಳ್ಳಿ ತರಕಾರಿಯ ಆಸರೆಗೆ. ಸೊಟ್ಟಗಿನವು ಇದ್ದಿಲಿಗೆ. ಮೂರನೆಯದು, ಹೆಬ್ಬೆರಳಿಗಿಂತ ಸಣ್ಣ ಕಡ್ಡಿ ಮತ್ತು ತಪ್ಪಲು. ಇದು ಹೊಲ ಬಿಟ್ಟು ಹೊರಗೆ ಹೋಗಬಾರದು. ಗಿಡ ನೆಲದಿಂದ ಹೀರಿದ ಸಾರದ ದೊಡ್ಡ ಪಾಲು ದಿಮ್ಮಿಯಲ್ಲಿಲ್ಲ. ಅದು ಎಲೆ, ಸಣ್ಣ ಕಡ್ಡಿ, ತೊಗಟೆಯಲ್ಲಿದೆ. ಇದನ್ನೂ ಸುಟ್ಟರೆ ಅದರಲ್ಲಿರುವ ಸಾರಜನಕ ಹೊಗೆಯಾಗಿ ಹೋಗುತ್ತದೆ. ಆಮೇಲೆ ಅಂಗಡಿಯಿಂದ ಯೂರಿಯಾ ತರಬೇಕು, ಅಲ್ವಾ?

ನಾಲ್ಕನೆಯದೇ ಹೆಚ್ಚಿನವರು ಮರೆಯುವ ಗುಂಪು. ಮುಳ್ಳು, ಕಾಯಿ ಇರುವ ಟೊಂಗೆ, ರೋಗ ಬಿದ್ದದ್ದು, ಒರಲೆ (ಗೆದ್ದಲು) ಹತ್ತಿದ್ದು. ಇದು ಬೇರೆ ಮೂರಕ್ಕೂ ತಾಗಬಾರದು.

ಗಿಡದ ಜಾತಿ ನೋಡಿ ಕೆಲವು ಮಾತು.

*ನೀಲಗಿರಿ.* ಎಲೆಯಲ್ಲಿ ಎಣ್ಣೆಯಿದೆ. ಒಣಗಿದರೆ ಕಡ್ಡಿ ಗೀರಿದ ಕೂಡಲೇ ಭಗ್ಗನೆ ಹತ್ತುತ್ತದೆ. ಕುರಿ ಮೇಕೆ ಮೂಸುವುದಿಲ್ಲ. ಹಸಿ ತಪ್ಪಲನ್ನು ಸಸಿಗಳ ಬುಡಕ್ಕೆ, ತರಕಾರಿ ಮಡಿಗೆ ಹಾಕಬೇಡಿ, ಮೊಳಕೆಗೆ ತಡೆಯಾಗುತ್ತದೆ. ಒಂದು ಮಳೆಗಾಲ ನೆಂದ ಮೇಲೆ ತೊಂದರೆ ಇಲ್ಲ.

*ಸುಬಾಬುಲ್.* ತಪ್ಪಲು ಒಳ್ಳೆಯ ಮೇವು, ಆದರೆ ಅದನ್ನೇ ಹೊಟ್ಟೆ ತುಂಬ ಹಾಕಬಾರದು. ಅದರಲ್ಲಿ ಮಿಮೋಸಿನ್ ಎಂಬ ವಿಷದ ಅಂಶವಿದೆ. ದನ, ಮೇಕೆಗೆ ಒಟ್ಟು ಮೇವಿನ ಮೂರನೇ ಒಂದು ಪಾಲಿನೊಳಗೆ ಇರಲಿ, ಉಳಿದದ್ದು ಜೋಳದ ಕಣಕಿ. ಕುದುರೆಗೆ ಬೇಡವೇ ಬೇಡ, ಕೂದಲು ಉದುರುತ್ತದೆ. ಒಣ ಕಾಯಿ ಜೋತುಬಿದ್ದ ಟೊಂಗೆಯನ್ನು ಹೊಲದಲ್ಲಿ ಹರಡಿದರೆ ಮುಂದಿನ ಮಳೆಗೆ ತೊಗರಿ ಸಾಲಿನ ತುಂಬ ಸುಬಾಬುಲ್ ಸಸಿ.

*ಬಳ್ಳಾರಿ ಜಾಲಿ.* ಕಾಯಿ ಸಿಹಿ, ದನ ಆಸೆಯಿಂದ ತಿನ್ನುತ್ತವೆ. ಬೀಜ ಮಾತ್ರ ಜೀರ್ಣವಾಗದೆ ಸಗಣಿಯಲ್ಲಿ ಹೊರಬಂದು ಎಲ್ಲೆಲ್ಲೋ ಹುಟ್ಟುತ್ತದೆ. ಕಾಯಿ ಇರುವ ಕಾಲದಲ್ಲಿ ಕಡಿದರೆ ಟೊಂಗೆಯನ್ನು ದನದ ಹಾದಿಗೆ ಹಾಕಬೇಡಿ, ತಿಪ್ಪೆಗೂ ಹಾಕಬೇಡಿ.

*ಗ್ಲಿರಿಸಿಡಿಯಾ.* ಇದಕ್ಕೆ ಹೆಚ್ಚು ಹೇಳಬೇಕಿಲ್ಲ. ಕೊಚ್ಚಿ ಹೊಲಕ್ಕೆ ಹಾಕಿ, ಬೇಗ ಕರಗುತ್ತದೆ. ಗೊಬ್ಬರದ ಗಿಡ ಅಂತ ಸುಮ್ನೆ ಕರೆಯುವುದಿಲ್ಲ.

5. ಬೊಡ್ಡೆಗಳನ್ನು ಬಿಡಿಸಿ

ವಿಂಗಡಿಸಿದ್ದನ್ನು ಎಲ್ಲಿಡಬೇಕು? ಬೊಡ್ಡೆಯ ಮೇಲಂತೂ ಅಲ್ಲ.

ನೀಲಗಿರಿ, ಸುಬಾಬುಲ್, ಹೆಬ್ಬೇವು, ಸಾಗುವಾನಿ ಬೊಡ್ಡೆಯಿಂದ ಮತ್ತೆ ಚಿಗುರುತ್ತವೆ. ಚಿಗುರಿಗೆ ಬೆಳಕು ಬೇಕು. ಮೇಲೆ ರಾಶಿ ಬಿದ್ದರೆ ಚಿಗುರು ಬಿಳಿಚಿ, ಸೊಟ್ಟಗಾಗಿ, ಬುಡದಲ್ಲೇ ಮುರಿಯುತ್ತದೆ. ಪ್ರತಿ ಬೊಡ್ಡೆಯ ಸುತ್ತ ಒಂದು ಮೊಳ ಜಾಗ ಖಾಲಿ ಇರಲಿ. ಬೊಡ್ಡೆ ನೆಲದಿಂದ ಅರ್ಧ ಗೇಣು ಎತ್ತರವಿರಲಿ, ಕೊಯ್ತ ಒಂದು ಕಡೆಗೆ ಓರೆಯಾಗಿರಲಿ. ಆಗ ಮಳೆ ನೀರು ನಿಂತು ಕೊಳೆಯುವುದಿಲ್ಲ. ಸಿಪ್ಪೆ ಸೀಳಿದ್ದರೆ ಮಚ್ಚಿನಿಂದ ನೀಟಾಗಿ ಸವರಿ.

ಮತ್ತೆ ನೀಲಗಿರಿ ಬೇಡ ಎನ್ನುವವರು ಈಗ ಜಾಸ್ತಿ. ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದೆ. ನಿಮ್ಮದೂ ಆ ಯೋಚನೆಯಾದರೆ ಬೊಡ್ಡೆ ಕೀಳುವ ಜೆಸಿಬಿ ಟೊಂಗೆ ತೆಗೆದ ಮೇಲೆ ಬರಲಿ. ಟೊಂಗೆ ಇರುವಾಗಲೇ ತಂದರೆ ಅರ್ಧ ಬಾಡಿಗೆ ಟೊಂಗೆ ತಳ್ಳುವುದಕ್ಕೇ ಹೋಗುತ್ತದೆ. ಜೊತೆಗೆ ಮೇಲ್ಮಣ್ಣೂ ರಾಶಿಗೆ ಸೇರುತ್ತದೆ. ಮಣ್ಣು ಬೆರೆತ ರಾಶಿ ಉರಿಯುವುದೂ ಇಲ್ಲ, ಕೊಳೆಯುವುದೂ ಇಲ್ಲ, ಹಾವಿಗೆ ಮಾತ್ರ ಒಳ್ಳೆಯ ಮನೆ.

ಬಳ್ಳಾರಿ ಜಾಲಿಯ ಬೊಡ್ಡೆಯನ್ನು ನೆಲದ ಮಟ್ಟಕ್ಕೆ ಕಡಿದರೆ ಮತ್ತೆ ಹತ್ತು ಕವಲಾಗಿ ಬರುತ್ತದೆ. ಅದರ ಮೊಗ್ಗು ಇರುವುದು ಬೇರಿನ ತಲೆಯಲ್ಲಿ. ಸುತ್ತ ಅಗೆದು ಒಂದು ಗೇಣು ಕೆಳಗೆ ಕಡಿಯಬೇಕು.

6. ಉರುವಲು ಒಟ್ಟುವುದು

ದಪ್ಪ ತುಂಡನ್ನು ಹಸಿಯಾಗಿದ್ದಾಗಲೇ ಸೀಳಿ. ನೀಲಗಿರಿ ಒಣಗಿದ ಮೇಲೆ ನಾರು ಹೆಣೆದುಕೊಂಡು ಕೊಡಲಿಗೆ ಬಾಯಿ ಬಿಡುವುದಿಲ್ಲ.

ಮೂರಡಿ ತುಂಡು ಮಾಡಿ, ನೆಲಕ್ಕೆ ತಾಗದಂತೆ ಒಟ್ಟಿ. ಅಡಿಗೆ ಎರಡು ಸಾಲು ಕಲ್ಲು ಇಡಿ. ಕಲಬುರಗಿ ಕಡೆಯವರಿಗೆ ಒಡೆದ ಶಹಾಬಾದ್ ಫರ್ಸಿಗೆ (ಹಾಸುಗಲ್ಲಿಗೆ) ಬರವಿಲ್ಲ, ಅದೇ ಸಾಕು. ನೆಲಕ್ಕೆ ತಾಗಿಸಿದರೆ ಒಂದು ತಿಂಗಳಲ್ಲಿ ಒರಲೆ ಮಣ್ಣಿನ ದಾರಿ ಕಟ್ಟಿಕೊಂಡು ಏರುತ್ತದೆ. ಒಟ್ಟಲಿನ ಮೇಲ್ಭಾಗ ಮಾತ್ರ ತಾಡಪತ್ರಿಯಿಂದ ಮುಚ್ಚಿ, ಪಕ್ಕಗಳು ಗಾಳಿಗೆ ತೆರೆದಿರಲಿ. ಪೂರ್ತಿ ಮುಚ್ಚಿದರೆ ಒಳಗೆ ಬೂಷ್ಟು. ಎರಡು-ಮೂರು ತಿಂಗಳ ಬೇಸಿಗೆ ಬಿಸಿಲಿಗೆ ಒಣಗುತ್ತದೆ. ತುದಿಯಲ್ಲಿ ಬಿರುಕು ಬಿಟ್ಟು, ಎರಡು ತುಂಡು ಬಡಿದಾಗ ಟಣ್ ಎಂದರೆ ಆಯಿತು. ಡಬ್ ಎಂದರೆ ಇನ್ನೂ ಹಸಿ.

ಮನೆಯ ಗೋಡೆಗೆ, ಕಣಕಿ ಬಣವೆಗೆ ಒತ್ತಿ ಒಟ್ಟಬೇಡಿ.

7. ಸಣ್ಣ ಕಡ್ಡಿ, ತಪ್ಪಲು: ನೆಲ ನೋಡಿ ಬಳಸಿ

ಇಲ್ಲಿ ಎಲ್ಲರಿಗೂ ಒಂದೇ ಉತ್ತರ ಕೊಡಲು ಬರುವುದಿಲ್ಲ. ಬೀದರ್, ಹುಮನಾಬಾದ್ ಸುತ್ತಿನ ಕೆಂಪು ಜಂಬಿಟ್ಟಿಗೆ ನೆಲ ಬೇರೆ, ಜೇವರ್ಗಿ, ಶಹಾಪುರದ ಎರೆ ಬೇರೆ, ಗುರುಮಠಕಲ್ ಕಡೆಯ ಮಸಾರಿ (ಮರಳು ಬೆರೆತ ಕೆಂಪು ಮಣ್ಣು) ಬೇರೆ.

7ಅ. ಎರೆ ಹೊಲ. ಒಣಗಿದಾಗ ಬಿರುಕು, ನೆಂದಾಗ ಅಂಟು. ಸಣ್ಣ ಕಡ್ಡಿಯನ್ನು ಕೊಚ್ಚಿ, ನೆಲಕ್ಕೆ ಮೈತಾಗುವಂತೆ ತೆಳ್ಳಗೆ ಹರಡಿ. ಗಾಳಿಯಲ್ಲಿ ನಿಂತ ಟೊಂಗೆ ವರ್ಷಗಟ್ಟಲೆ ಹಾಗೇ ಇರುತ್ತದೆ, ನೆಲಕ್ಕೆ ತಾಗಿದ್ದು ಕರಗುತ್ತದೆ. ಮೊಣಕಾಲಿಗಿಂತ ಎತ್ತರ ನಿಂತ ಯಾವ ಟೊಂಗೆಯೂ ಉಳಿಯಬಾರದು. ಆಮೇಲೆ ಒಂದು ಮಳೆಗಾಲ ಬಿಡಿ.

ಇಲ್ಲಿ ದೊಡ್ಡ ತಪ್ಪು ರೋಟಾವೇಟರ್. ಹಸಿ ಕಡ್ಡಿಯನ್ನು ಮಣ್ಣೊಳಗೆ ಬೆರೆಸಿದರೆ ಎರಡು ಕೇಡು. ಬ್ಲೇಡ್ ಮುರಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಕಟ್ಟಿಗೆ ಕೊಳೆಸುವ ಸೂಕ್ಷ್ಮ ಜೀವಿಗಳು ಮಣ್ಣಿನಲ್ಲಿರುವ ಸಾರಜನಕವನ್ನೇ ತಿಂದು ಬಿಡುತ್ತವೆ. ಬೆಳೆ ಹಳದಿ ಬೀಳುತ್ತದೆ. "ನೀಲಗಿರಿ ತೆಗೆದ ಹೊಲದಲ್ಲಿ ಏನೂ ಬೆಳೆಯಲ್ಲ" ಎಂಬ ಮಾತಿಗೆ ಒಂದು ಕಾರಣ ಇದು. ಮೇಲೆ ಹೊದಿಸಿದರೆ ಈ ತೊಂದರೆ ಇಲ್ಲ. ಕೈಯಲ್ಲಿ ಹಿಡಿದ ಕಡ್ಡಿ ಪಟ್ ಎಂದು ಮುರಿದು, ಒಳಗೆ ಕಂದು ಬಣ್ಣ ಬಂದಿದ್ದರೆ ಆಗ ಕುಂಟೆ ಹೊಡೆಯಬಹುದು. ತುರ್ತಿದ್ದರೆ ಮೊದಲ ವರ್ಷ ತೊಗರಿಯನ್ನೇ ಬಿತ್ತಿ. ದ್ವಿದಳವಾದ್ದರಿಂದ ಜೋಳದಷ್ಟು ಸೊರಗುವುದಿಲ್ಲ.

7ಆ. ಕೆಂಪು ಇಳಿಜಾರು ನೆಲ. ಇಲ್ಲಿ ಟೊಂಗೆಯೇ ಬದು. ಇಳಿಜಾರಿಗೆ ಅಡ್ಡವಾಗಿ, ಒಂದೇ ಮಟ್ಟದಲ್ಲಿ ಸಾಲು ಹಾಕಿ. ಎರಡಡಿ ಅಗಲ, ಒಂದೂವರೆ ಅಡಿ ಎತ್ತರ, ಚೆನ್ನಾಗಿ ತುಳಿದು ಒತ್ತಿದ್ದು. ಮಟ್ಟ ನೋಡಲು ಎ ಆಕಾರದ ಕಟ್ಟಿಗೆ ಚೌಕಟ್ಟು, ಒಂದು ದಾರ, ಒಂದು ಕಲ್ಲು ಸಾಕು. ಮಟ್ಟ ತಪ್ಪಿದರೆ ನೀರು ತಗ್ಗಾದ ಕಡೆಗೆ ಓಡಿ, ಅಲ್ಲೇ ಹೊಸ ಕೊರಕಲು ಮಾಡುತ್ತದೆ. ಇಳಿಜಾರಿನ ಉದ್ದಕ್ಕೂ, ಅಂದರೆ ಮೇಲಿಂದ ಕೆಳಗೆ, ಸಾಲು ಹಾಕಿದವರನ್ನೂ ಕಂಡಿದ್ದೇನೆ. ಅದು ನೀರಿಗೆ ರಸ್ತೆ ಮಾಡಿಕೊಟ್ಟಂತೆ.

7ಇ. ಕೊರಕಲು ಇದ್ದರೆ. ಟೊಂಗೆಗೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗೆ ಗೊತ್ತಿಲ್ಲ. ಮೂರಡಿಗಿಂತ ಕಡಿಮೆ ಆಳದ ಸಣ್ಣ ಕೊರಕಲಿಗೆ ಮಾತ್ರ. ದೊಡ್ಡ ಹಳ್ಳಕ್ಕೆ ಕಲ್ಲಿನ ಕೆಲಸವೇ ಬೇಕು.

ಮೊದಲು ಕೊರಕಲಿಗೆ ಅಡ್ಡಲಾಗಿ ಎರಡು ಸಾಲು ಗೂಟ ಹೊಡೆಯಿರಿ. ಗೂಟ ಮಣಿಕಟ್ಟಿಗಿಂತ ದಪ್ಪವಿರಲಿ, ಎರಡು-ಮೂರು ಅಡಿ ನೆಲದೊಳಗೆ ಹೋಗಲಿ. ಗೂಟದಿಂದ ಗೂಟಕ್ಕೆ ಎರಡಡಿ, ಸಾಲಿಂದ ಸಾಲಿಗೆ ಎರಡು-ಮೂರಡಿ. ಎರಡು ದಂಡೆಯಲ್ಲೂ ಒಂದು ಮೊಳ ಅಗೆದು ಟೊಂಗೆಯ ತುದಿಯನ್ನು ಒಳಗೆ ಸೇರಿಸಿ. ಅಡಿಗೆ ಒಂದು ಪದರ ತಪ್ಪಲು, ಮೇಲೆ ಟೊಂಗೆ, ತುಳಿಯಿರಿ. ಮತ್ತೆ ಟೊಂಗೆ, ಮತ್ತೆ ತುಳಿಯಿರಿ. ಕೊನೆಗೆ ತಂತಿಯಿಂದ ಎರಡೂ ಸಾಲಿನ ಗೂಟ ಬಿಗಿಯಾಗಿ ಕಟ್ಟಿ. ನಡುಭಾಗ ಎರಡು ಬದಿಗಿಂತ ತಗ್ಗಾಗಿರಲೇಬೇಕು. ನೀರು ನಡುವಿನಿಂದಲೇ ಉಕ್ಕಿ ಹೋಗಬೇಕು. ನೀರು ಬೀಳುವ ಕೆಳಗಿನ ಜಾಗಕ್ಕೆ ಟೊಂಗೆಯ ಹಾಸು ಹಾಸಿ, ಗೂಟ ಹೊಡೆದು ಹಿಡಿಸಿ.

ಹೆಚ್ಚಿನವು ಕೊಚ್ಚಿ ಹೋಗುವುದು ಎರಡೇ ಕಾರಣಕ್ಕೆ. ನಡುವೆ ಎತ್ತರ ಮಾಡಿದ್ದರೆ ನೀರು ದಂಡೆ ಕೊರೆದು ಪಕ್ಕದಿಂದ ನುಗ್ಗುತ್ತದೆ. ಕೆಳಗೆ ಹಾಸು ಇಲ್ಲದಿದ್ದರೆ ಬಿದ್ದ ನೀರು ಗುಂಡಿ ತೋಡಿ ಗೂಟವನ್ನೇ ಕೀಳುತ್ತದೆ. ನನ್ನ ಮೊದಲ ತಡೆ ಎರಡನೇ ಮಳೆಗೇ ಹೋಯಿತು, ಕಾರಣ ಎರಡನೆಯದು.

ನಾರಾಯಣಪುರ ಕಾಲುವೆಯ ನೀರು ಬರುವ ಸುರಪುರ, ಶಹಾಪುರದ ಕಡೆಯವರಿಗೆ ಒಂದು ಮಾತು. ಟೊಂಗೆಯನ್ನು ಹೊಲಗಾಲುವೆಯ ದಂಡೆಯ ಮೇಲೆ ಇಡಬೇಡಿ. ನೀರು ಬಿಟ್ಟಾಗ ತೇಲಿ ಹೋಗಿ ಕೆಳಗಿನವರ ತೂಬಿಗೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಜಗಳ.

7ಈ. ಪುಡಿ ಮಾಡಿದ್ದರೆ. ಮಾವು, ನಿಂಬೆಯ ಬುಡಕ್ಕೆ ಮೂರು-ನಾಲ್ಕು ಇಂಚು ದಪ್ಪ ಹೊದಿಸಿ, ಕಾಂಡದಿಂದ ಒಂದು ಗೇಣು ದೂರ. ಕಾಂಡಕ್ಕೆ ಒತ್ತಿ ಹಾಕಿದರೆ ಒರಲೆ ಮತ್ತು ಕೊಳೆ ಎರಡೂ ಬರುತ್ತವೆ.

8. ಮುಳ್ಳಿನ ಗುಂಪು

ಜಾಲಿ ಮುಳ್ಳಿಗೆ ನಮ್ಮಲ್ಲಿ ಹಳೆಯ ಬಳಕೆ ಇದೆ, ಬೇಲಿ. ಕಾಡುಹಂದಿ ಕಾಟ ಇರುವ ಕಡೆ ಇದು ಇನ್ನೂ ಕೆಲಸಕ್ಕೆ ಬರುತ್ತದೆ. ಬುಡ ಒಳಗೆ, ತುದಿ ಹೊರಗೆ ಬರುವಂತೆ, ಒಂದರ ಮೇಲೊಂದು ಓರೆಯಾಗಿ ಹೆಣೆದು ಕವೆಗೋಲಿನಿಂದ ಒತ್ತಿ. ಒಂದೆರಡು ಮಳೆಗಾಲ ಬಾಳುತ್ತದೆ, ಆಮೇಲೆ ಒರಲೆಯ ಪಾಲು.

ಎಳೆದು ಒಯ್ದ ದಾರಿಯಲ್ಲಿ ಉದುರಿದ ಮುಳ್ಳನ್ನು ಅದೇ ಸಂಜೆ ಕಸಪೊರಕೆಯಿಂದ ಗುಡಿಸಿ. ನಗಬೇಡಿ. ಟ್ರ್ಯಾಕ್ಟರ್ ಟೈರ್ ಪಂಕ್ಚರ್ ತಿದ್ದಿಸಿದ ದಿನ ಈ ಮಾತು ನೆನಪಾಗುತ್ತದೆ.

9. ಉಳಿದದ್ದಕ್ಕೆ: ಇದ್ದಿಲು ಗುಂಡಿ ಅಥವಾ ಬೆಂಕಿ

ಇಲ್ಲಿಯವರೆಗಿನ ಕೆಲಸ ಮುಗಿದಿದ್ದರೆ ಉಳಿಯುವುದು ಮೊದಲಿನ ರಾಶಿಯ ಸಣ್ಣ ಪಾಲು. ಸೊಟ್ಟ ಟೊಂಗೆ, ಕಾಯಿ, ಹೆಚ್ಚಾದ ಮುಳ್ಳು.

ಇದ್ದಿಲು ಮಾಡುವುದಾದರೆ ತಪ್ಪಲೆ ಪಾತ್ರೆಯ ಆಕಾರದ ಗುಂಡಿ ತೋಡಿ. ಮೇಲೆ ಐದಡಿ ಅಗಲ, ಎರಡೂವರೆ ಅಡಿ ಆಳ, ಕೆಳಗೆ ಕಿರಿದು. ಪೂರ್ತಿ ಒಣಗಿದ, ಮಣಿಕಟ್ಟಿಗಿಂತ ಸಣ್ಣ ಟೊಂಗೆಯೇ ಬೇಕು. ತಳದಲ್ಲಿ ಬೆಂಕಿ ಹಚ್ಚಿ. ಮೇಲಿನ ಟೊಂಗೆ ಬೂದಿ ಹಿಡಿದು ಬೆಳ್ಳಗಾಗಲು ಶುರುವಾದ ಕೂಡಲೇ ಮುಂದಿನ ಪದರ ಹಾಕಿ. ಮೇಲಿನ ಜ್ವಾಲೆ ಗಾಳಿಯನ್ನು ತಡೆಯುವುದರಿಂದ ಕೆಳಗಿನದು ಬೂದಿಯಾಗದೆ ಇದ್ದಿಲಾಗಿ ಉಳಿಯುತ್ತದೆ. ದಟ್ಟ ಬಿಳಿ ಹೊಗೆ ಬಂದರೆ ಟೊಂಗೆ ಹಸಿ ಇದೆ, ಅಥವಾ ಒಮ್ಮೆಲೇ ಜಾಸ್ತಿ ಹಾಕಿದ್ದೀರಿ. ಗುಂಡಿ ತುಂಬಿದ ಮೇಲೆ ನೀರು ಹಾಕಿ ಪೂರ್ತಿ ಆರಿಸಿ. ಅಂಚಿನಿಂದ ಹಾಕುತ್ತ ಬನ್ನಿ, ಹಬೆ ಮುಖಕ್ಕೆ ಬರುತ್ತದೆ.

ಆರಿದ ಇದ್ದಿಲನ್ನು ಪುಡಿ ಮಾಡಿ ಸಗಣಿ, ಗಂಜಳದಲ್ಲಿ ಹದಿನೈದು ದಿನ ನೆನೆಸಿ ಆಮೇಲೆ ಹೊಲಕ್ಕೆ ಹಾಕಿ. ಒಣ ಇದ್ದಿಲನ್ನು ನೇರ ಹಾಕಿದರೆ ಅದೇ ಮಣ್ಣಿನ ಸಾರ ಹೀರಿಕೊಳ್ಳುತ್ತದೆ. ಇನ್ನೊಂದು ಮಾತು. ಇದ್ದಿಲು, ಬೂದಿ ಎರಡೂ ಕ್ಷಾರ. ಬೀದರಿನ ಕೆಂಪು ನೆಲಕ್ಕೆ ಒಳ್ಳೆಯದು. ಎರೆ ನೆಲ ಮೊದಲೇ ಕ್ಷಾರದ ಕಡೆ ವಾಲಿರುತ್ತದೆ. ಅಲ್ಲಿ ಗಾಡಿಗಟ್ಟಲೆ ಬೂದಿ ಸುರಿಯುವುದು ಬೇಡ. ಮಣ್ಣು ಪರೀಕ್ಷೆ ಮಾಡಿಸಿ ನೋಡಿ. ಕಲಬುರಗಿ, ಬೀದರ್, ಯಾದಗಿರಿಯ ಕವಡಿಮಟ್ಟಿ, ಮೂರು ಕಡೆಯೂ ಕೃಷಿ ವಿಜ್ಞಾನ ಕೇಂದ್ರವಿದೆ.

ಫರ್ಸಿ ಕಲ್ಲಿನ ಮೇಲೆ ಬೆಂಕಿ ಬೇಡ. ಪದರದೊಳಗಿನ ಪಸೆ ಕಾಯ್ದು ಕಲ್ಲು ಸಿಡಿಯುತ್ತದೆ.

ಸುಡಲೇಬೇಕು ಎನ್ನುವುದಾದರೆ ಕ್ರಮ ಹೀಗಿರಲಿ:

1. ಫೆಬ್ರವರಿಯಿಂದ ಮೇ ತನಕ ಸುಡಬೇಡಿ. ಚಿಂಚೋಳಿ ಕಾಡಿನ ಅಂಚಿನಲ್ಲಂತೂ ಯೋಚಿಸಲೂ ಬೇಡಿ. ಒಂದೆರಡು ಒಳ್ಳೆಯ ಮಳೆ ಬಿದ್ದು ಸುತ್ತಲಿನ ಹುಲ್ಲು ನೆಂದ ಮೇಲೆ ಸುಡಿ. ರಾಶಿಯ ನಡುಭಾಗ ಒಣಗಿರಲು ಮೊದಲೇ ತಾಡಪತ್ರಿ ಹೊದಿಸಿಡಿ, ಹಚ್ಚುವ ಮುಂಚೆ ತೆಗೆಯಿರಿ.
2. ರಾಶಿ ಆರಡಿ ಅಗಲ, ಐದಡಿ ಎತ್ತರಕ್ಕಿಂತ ದೊಡ್ಡದು ಬೇಡ. ಸಣ್ಣದಾಗಿ ಹಚ್ಚಿ, ಉರಿದಂತೆಲ್ಲ ಸೇರಿಸುತ್ತ ಹೋಗಿ. ದೊಡ್ಡ ರಾಶಿಯ ಕೆಳಗಿನ ಎರೆ ಮಣ್ಣು ಇಟ್ಟಿಗೆಯಂತೆ ಬೇಯುತ್ತದೆ.
3. ಸುತ್ತ ಹದಿನೈದು ಅಡಿ ನೇಗಿಲು ಹೊಡೆದು ಬರೀ ಮಣ್ಣು ಕಾಣುವಂತೆ ಮಾಡಿ. ಬಣವೆ, ಬದುವಿನ ಗಿಡ, ನಿಂತ ತೊಗರಿ ಕಟ್ಟಿಗೆಯಿಂದ ಇನ್ನೂ ದೂರ.
4. ಎರಡು ಬ್ಯಾರಲ್ ನೀರು, ಬೆನ್ನಿಗೆ ಹಾಕುವ ಸ್ಪ್ರೇಯರ್, ಸಲಿಕೆ, ನಾಲ್ಕು ಜನ. ಪಕ್ಕದ ಹೊಲದವರಿಗೆ ಹಿಂದಿನ ದಿನವೇ ಹೇಳಿ.
5. ಗಾಳಿ ಇಲ್ಲದ ಮುಂಜಾನೆ ಹಚ್ಚಿ. ಮಧ್ಯಾಹ್ನ ಗಾಳಿ ಏಳುವಷ್ಟರಲ್ಲಿ ಕೆಂಡವಾಗಿರಬೇಕು. ಹಚ್ಚಲು ಪೆಟ್ರೋಲ್ ಸುರಿಯಬೇಡಿ.
6. ಕೆದಕಿ, ನೀರು ಹಾಕಿ, ಮತ್ತೆ ಕೆದಕಿ. ಅಂಗೈಯ ಹಿಂಭಾಗ ಬೂದಿಯ ಹತ್ತಿರ ಹಿಡಿದು ನೋಡಿ, ಬಿಸಿ ತಾಗಿದರೆ ಇನ್ನೂ ಆರಿಲ್ಲ.

"ಏನಾಗ್ತದ ಬಿಡ್ರಿ, ಹಚ್ಚಿ ಊಟಕ್ಕ ಹೋಗಿ ಬರೋಣ" ಎಂದವರ ಜೊತೆ ಈ ಕೆಲಸ ಮಾಡಬೇಡಿ. ಹಳೆಯ ಬೊಡ್ಡೆಯ ಬೇರಿಗೆ ಕೆಂಡ ಇಳಿದರೆ ನೆಲದೊಳಗೇ ದಿನಗಟ್ಟಲೆ ಕನಲುತ್ತದೆ. ಮರುದಿನ, ಮೂರನೇ ದಿನ ಹೋಗಿ ನೋಡಿ. ಕೈ ಮೀರಿತು ಅನ್ನಿಸಿದ ಕೂಡಲೇ 112ಕ್ಕೆ ಫೋನ್ ಮಾಡಿ.

10. ಮಳೆ ಬಂದ ಮೇಲೆ ಗಮನಿಸಬೇಕಾದ್ದು

ಉಳಿದ ರಾಶಿಗೆ ಮಳೆಗಾಲದಲ್ಲಿ ಬರಿಗೈ ಹಾಕಬೇಡಿ. ನಾಗರಹಾವು, ಕೊಳಕುಮಂಡಲ, ಕೆಂಪು ಚೇಳು ಇಂಥ ಜಾಗವನ್ನೇ ಹುಡುಕುತ್ತವೆ. ಉದ್ದ ಕೋಲಿನಿಂದ ಬಡಿದು, ಸ್ವಲ್ಪ ಕಾದು, ಕವೆಗೋಲಿನಿಂದ ಎಳೆಯಿರಿ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಬೇಡ. 108ಕ್ಕೆ ಫೋನ್ ಮಾಡಿ, ಕಚ್ಚಿದ ಕೈ ಕಾಲು ಅಲುಗದಂತೆ ಇಟ್ಟು ನೇರ ಸರ್ಕಾರಿ ಆಸ್ಪತ್ರೆಗೆ.

ಮೊದಲ ದೊಡ್ಡ ಮಳೆ ನಿಂತ ಕೂಡಲೇ ಕೊರಕಲಿನ ತಡೆಯ ಹತ್ತಿರ ಹೋಗಿ. ಪಕ್ಕದಿಂದ ನೀರು ಹರಿದ ಗುರುತಿದ್ದರೆ ಅಂದೇ ಟೊಂಗೆ ತುರುಕಿ. ಹಿಂದೆ ಹೂಳು ಕೂತಿದ್ದರೆ ಚೆನ್ನಾಗಿದೆ.

ಬೆಳೆ ಹಳದಿಯಾದರೆ ಕಡ್ಡಿ ಮಣ್ಣಿಗೆ ಬೆರೆತಿದೆ, ಸಾರಜನಕ ಕೊಡಿ. ಹೊದಿಕೆಯ ಮೇಲೆ ಮಣ್ಣಿನ ಗೆರೆ ಕಂಡರೆ ಒರಲೆ ಬಂದಿದೆ. ಒಣ ಕಡ್ಡಿಯನ್ನಷ್ಟೇ ತಿನ್ನುತ್ತಿದ್ದರೆ ಬಿಡಿ, ಅದು ನಿಮ್ಮದೇ ಕೆಲಸ ಮಾಡುತ್ತಿದೆ. ಗಿಡದ ತೊಗಟೆಗೆ ಏರಿದ್ದರೆ ಹೊದಿಕೆ ಹಿಂದಕ್ಕೆ ಸರಿಸಿ.

ಬೊಡ್ಡೆಯ ಚಿಗುರನ್ನು ಉಳಿಸಿಕೊಂಡವರು ಅವಸರಪಡಬೇಡಿ. ಆರು ತಿಂಗಳು ಬಿಟ್ಟು, ಗಟ್ಟಿಯಾದ ಎರಡು-ಮೂರು ಚಿಗುರು ಬಿಟ್ಟು ಉಳಿದದ್ದನ್ನು ಸವರಿ. ಸವರಿದ್ದನ್ನು ಬೊಡ್ಡೆಯ ಮೇಲೆ ಹಾಕದೆ ಸಾಲಿನ ನಡುವೆ ಹಾಕಿ.